ಬಸ್ ಸ್ಟ್ಯಾಂಡಿನಲ್ಲಿ ಕೂಗಿದ ಹೆಸರು

ಈ ಬರಹದಲ್ಲಿ ಯಾರ ಹೆಸರೂ ಬರುವುದಿಲ್ಲ. ಮಗುವಿಗೆ ಹೆಸರಿಟ್ಟ ಕಥೆ ಹೇಳಲು ಹೊರಟು ಆ ಹೆಸರನ್ನೇ ನುಂಗಿಕೊಳ್ಳುವುದು ಯಾವ ನ್ಯಾಯ ಎಂದು ನೀವು ಕೇಳಬಹುದು. ಒಂದು ಸಲ ಅದನ್ನು ಬಾಯಿಬಿಟ್ಟು ಹೇಳಿ ನಾನು ಪಟ್ಟ ಪಾಡು ಸಾಕು. ಓದುವವರಲ್ಲಿ ಬಸುರಿಯರೂ ಇರಬಹುದು, ಬಸುರಿಯರ ಅತ್ತೆಯರೂ ಇರಬಹುದು. ಅವರ ಕೈಗೆ ಇನ್ನೊಮ್ಮೆ ಅದನ್ನು ಕೊಡಲಾರೆ.

ನನ್ನ ತಮ್ಮನಿಗೆ ಹೆಣ್ಣು ಮಗು ಹುಟ್ಟಿದಾಗ ತವರಿನಲ್ಲಿ ನನ್ನ ಬೆಲೆ ಇದ್ದಕ್ಕಿದ್ದಂತೆ ಏರಿತು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ, ಅಂದರೆ ಅಪ್ಪನ ಅಕ್ಕನೋ ತಂಗಿಯೋ. ತಮ್ಮನಿಗೆ ಇರುವವಳು ನಾನೊಬ್ಬಳೇ. ಅರಕೆರೆಯ ಆ ಮನೆಯಲ್ಲಿ ಗದ್ದೆಯ ವಿಷಯಕ್ಕಾಗಲಿ, ಹಸುವಿನ ವಿಷಯಕ್ಕಾಗಲಿ ನನ್ನ ಮಾತು ನಡೆಯುವುದಿಲ್ಲ. ನಾನು ಪಾಂಡವಪುರಕ್ಕೆ ಮದುವೆಯಾಗಿ ಹೋದವಳು, ದಿನಾ ಬಸ್ಸು ಹಿಡಿದು ಕೆ.ಆರ್. ಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ಮಾಡಿ ಬರುವವಳು. ಆದರೆ ಹೆಸರಿನ ವಿಷಯದಲ್ಲಿ ನನ್ನನ್ನು ಬಿಟ್ಟು ಯಾರೂ ಏನೂ ಮಾಡುವಂತಿರಲಿಲ್ಲ. ಕಿವಿಯಲ್ಲಿ ಹೇಳಿದ್ದಕ್ಕೆ ಒಂದು ಸೀರೆಯೂ ಸಿಗುತ್ತದೆ. ಯಾವ ಬಣ್ಣದ್ದು ಎಂದು ಮಗು ಹುಟ್ಟುವ ಮೊದಲೇ ತಮ್ಮನಿಗೆ ಹೇಳಿಟ್ಟಿದ್ದೆ.

ಇದರಲ್ಲಿ ಯೋಚಿಸುವುದಕ್ಕೆ ಏನಿದೆ ಎಂಬುದೇ ನಮ್ಮ ಅವ್ವನಿಗೆ ತಿಳಿಯಲಿಲ್ಲ. ಊರ ದೇವತೆಯ ಹೆಸರು ಇದೆಯಲ್ಲ, ಅದನ್ನೇ ಕಟ್ಟಿದರಾಯಿತು ಎಂದಳು. ಆ ಹೆಸರು ಹಿಡಿದು ನಮ್ಮ ಬೀದಿಯಲ್ಲಿ ಕೂಗಿದರೆ ಅರ್ಧ ಬೀದಿ ಹೊರಗೆ ಬರುತ್ತದೆ ಎಂದು ನಾನು ಹೇಳಿದರೆ, ಬಂದರೆ ಬರಲಿ ಎಂದಳು. ಹೆಸರಿರುವುದು ಕರೆಯುವುದಕ್ಕೆ ಎಂದು ಅವ್ವ ಯಾವತ್ತೂ ಒಪ್ಪಿದವಳಲ್ಲ. ನಮ್ಮ ತಾತನ ಹೆಸರನ್ನೇ ತಮ್ಮನಿಗೆ ಇಟ್ಟಿದ್ದಾರೆ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿಲ್ಲ. ಹೀಗಾಗಿ ಅವ್ವ ತಾನೇ ಹೆತ್ತ ಮಗನನ್ನು ಇವತ್ತಿನವರೆಗೂ ಹೆಸರು ಹಿಡಿದು ಕರೆದಿಲ್ಲ. ‘ಲೇ ಇವ್ನೇ’ ಅನ್ನುತ್ತಾಳೆ. ಅವನು ಅದಕ್ಕೇ ಓಗೊಡುತ್ತಾನೆ, ಊಟಕ್ಕೂ ಬರುತ್ತಾನೆ.

ಆದರೆ ತಮ್ಮನ ಹೆಂಡತಿಗೆ ಇದು ತಮಾಷೆಯ ವಿಷಯವಾಗಿರಲಿಲ್ಲ. ಅವಳು ನಾಗಮಂಗಲದ ಹತ್ತಿರದ ಹಳ್ಳಿಯ ಕೂಡು ಕುಟುಂಬದವಳು. ಅಲ್ಲಿ ಮೂವರು ಅಣ್ಣತಮ್ಮಂದಿರು ಒಂದೇ ಮನೆದೇವರಿಗೆ ಹರಕೆ ಹೊತ್ತು ಮೂವರೂ ಒಂದೊಂದು ಹೆಣ್ಣು ಪಡೆದರು. ಹರಕೆ ಒಂದೇ ಆದ್ದರಿಂದ ಹೆಸರೂ ಒಂದೇ ಆಯಿತು. ಮನೆಯಲ್ಲಿ ಅವರನ್ನು ದೊಡ್ಡವಳು, ನಡುವಿನವಳು, ಚಿಕ್ಕವಳು ಎಂದೇ ಕರೆಯುತ್ತಿದ್ದರು. ಇವಳು ನಡುವಿನವಳು, ಆ ಕಡೆಯ ಮಾತಿನಲ್ಲಿ ನಡ್ಲೋಳು.

ಹೆಣ್ಣು ನೋಡಲು ನಾವು ಹೋದ ದಿನ ಕಾಫಿ ತಟ್ಟೆ ಹಿಡಿದು ಬಂದ ಹುಡುಗಿಯನ್ನು ನೋಡಿ ನನ್ನ ತಮ್ಮ ಆಗಲಿ ಎಂದು ತಲೆಯಾಡಿಸಿಯೇಬಿಟ್ಟ. ಹೆಸರು ಕೇಳಿದೆವು, ಸರಿಯಾಗಿಯೇ ಹೇಳಿದಳು. ಆಮೇಲೆ ಅವರ ದೊಡ್ಡಪ್ಪ ಮೆಲ್ಲಗೆ, ಇವಳು ದೊಡ್ಡವಳು, ಇವಳಿಗೆ ಆಗಲೇ ಗಂಡು ಗೊತ್ತಾಗಿದೆ, ನಿಮಗೆ ತೋರಿಸಬೇಕಾದವಳು ಒಳಗೆ ಜಡೆ ಹಾಕಿಸಿಕೊಳ್ಳುತ್ತಿದ್ದಾಳೆ ಎಂದರು. ಇದನ್ನು ನಾವು ಇಂದಿಗೂ ಹಬ್ಬಕ್ಕೊಮ್ಮೆ ಹೇಳಿ ತಮ್ಮನ ಮಾನ ಕಳೆಯುತ್ತೇವೆ. ಅವನ ಹೆಂಡತಿಯೂ ಎಲ್ಲರ ಜೊತೆ ಸೇರಿಕೊಂಡು ನಗುತ್ತಾಳೆ.

ಹೆರಿಗೆಯಾದ ಮಾರನೆಯ ದಿನ ಆಸ್ಪತ್ರೆಯಲ್ಲಿ ನಾವಿಬ್ಬರೇ ಇದ್ದಾಗ ಅವಳು ನಗಲಿಲ್ಲ. ಮಗುವಿನ ಮುಖ ನೋಡುತ್ತಾ ಹೇಳಿದಳು.

“ಯಾರಾರ ನನ್ನೆಸ್ರು ಕೂಗುದ್ರೆ ನಾನು ತಿರುಗಾಕಿಲ್ಲ ಕಣಕ್ಕ. ನನ್ನಲ್ಲ ಅನ್ಕಂಡು ಸುಮ್ನಿದ್ಬುಡ್ತೀನಿ. ನನ್ ಮಗ್ಳು ಅಂಗಾಗ್ಬಾರ್ದು. ಕೂಗುದ್ರೆ ಇವ್ಳೊಬ್ಳೇ ತಿರುಗ್ಬೇಕು.”

ಅದು ನಿಜ. ಮದುವೆಯಾದ ಹೊಸದರಲ್ಲಿ ನಾನು ಹಿಂದಿನಿಂದ ಕರೆದರೆ ಇವಳು ತಿರುಗುತ್ತಲೇ ಇರಲಿಲ್ಲ. ನಾಗಮಂಗಲದವಳಿಗೆ ಎಷ್ಟು ಕೊಬ್ಬು ನೋಡು ಎಂದುಕೊಂಡಿದ್ದೆ. ಕಾರಣ ತಿಳಿದದ್ದು ಆವತ್ತು. ನಾನಿದ್ದೀನಿ, ಯಾರಿಗೂ ಇಲ್ಲದ ಹೆಸರನ್ನೇ ನಿನ್ನ ಮಗಳ ಕಿವಿಗೆ ಹಾಕುತ್ತೇನೆ ಎಂದು ಮಾತು ಕೊಟ್ಟೆ.

ಬಾಣಂತಿ ತವರಿಗೆ ಹೋದಳು. ಮೂರನೇ ತಿಂಗಳಲ್ಲಿ ಅಲ್ಲೇ ನಾಮಕರಣ ಎಂದಾಯಿತು. ತಮ್ಮ ಫೋನಿನಲ್ಲಿ ಹುಡುಕಿ ಒಂದು ಹೆಸರು ತಂದ. ಬೆಳಗಿನ ಮೊದಲ ಬಿಸಿಲು ಎಂದು ಅರ್ಥವಂತೆ, ಬಹಳ ಅಪರೂಪದ್ದು ಎಂದು ಫೋನೇ ಹೇಳುತ್ತಿದೆಯಂತೆ. ಅವನು ಇದನ್ನು ನನಗೆ ಹೇಳಿದ್ದು ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಪಕ್ಕ ಕಬ್ಬಿನ ಹಾಲು ಕುಡಿಯುವಾಗ. ಅವನ ಮಾತು ಮುಗಿಯುವ ಮೊದಲೇ ಪಕ್ಕದ ಹೆಂಗಸು ಅದೇ ಹೆಸರು ಹಿಡಿದು ತನ್ನ ಮಗಳಿಗೆ, ಲಂಗದ ಮೇಲೆಲ್ಲಾ ಚೆಲ್ಲಿಕೊಂಡೆಯಲ್ಲೇ ಎಂದು ಬೈದಳು. ಬೆಳಗಿನ ಮೊದಲ ಬಿಸಿಲು ಕಬ್ಬಿನ ಹಾಲಲ್ಲಿ ತೊಯ್ದು ನಿಂತಿತ್ತು. ತಮ್ಮ ತನ್ನ ಲೋಟವನ್ನೇ ನೋಡುತ್ತಾ ಕುಡಿದು ಮುಗಿಸಿದ. ಅಪರೂಪದ ಹೆಸರು ಬೇಕೆನ್ನುವವರೆಲ್ಲ ಹುಡುಕುವುದು ಅದೇ ಫೋನಿನಲ್ಲಿ ಎಂಬುದು ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಅಲ್ಲೇ ನನಗೆ ಒಂದು ಬುದ್ಧಿ ಬಂತು. ಹೆಸರು ಎಷ್ಟು ಜನಕ್ಕಿದೆ ಎಂದು ತಿಳಿಯಲು ಕೂಗಿ ನೋಡಿದರಾಯಿತು. ನಾನು ಹೇಗೂ ದಿನಾ ಬಸ್ ಸ್ಟ್ಯಾಂಡಿನಲ್ಲೇ ಬಿದ್ದಿರುವವಳು. ಶಾಲೆ ಬಿಡುವ ಹೊತ್ತಿಗೆ ಜೋರಾಗಿ ಒಮ್ಮೆ ಕೂಗುವುದು, ಯಾರು ತಿರುಗುತ್ತಾರೆ ನೋಡುವುದು. ಯಾರೂ ತಿರುಗದ ಹೆಸರು ನಮ್ಮದು.

ಇಬ್ಬನಿ ಎಂಬರ್ಥದ ಹೆಸರೊಂದನ್ನು ಕೆ.ಆರ್. ಪೇಟೆಯಲ್ಲಿ ಕೂಗಿದೆ. ಯೂನಿಫಾರಂ ತೊಟ್ಟ ಇಬ್ಬರು ತಿರುಗಿದರು. ಅಜ್ಜಿಯೊಬ್ಬಳು ತನ್ನ ಮೊಮ್ಮಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ನಕ್ಷತ್ರದ ಹೆಸರೊಂದನ್ನು ಬೂಕನಕೆರೆಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದಲೇ ಕೂಗಿದೆ. ರಸ್ತೆ ಬದಿಯಲ್ಲಿ ಎಳೆ ಹಸುವಿನ ಹಗ್ಗ ಹಿಡಿದು ಹೋಗುತ್ತಿದ್ದ ಗಂಡಸು ನಿಂತು, ನಮ್ಮ ಕಡಸಿನ ಹೆಸರು ನಿಮಗೆ ಹೇಗೆ ಗೊತ್ತು ಎಂದು ಕೇಳಿದ. ಈ ವಿಷಯವನ್ನು ನಾಗಮಂಗಲಕ್ಕೆ ಫೋನು ಮಾಡಿ ಹೇಳಿದಾಗ ಬಾಣಂತಿ ನಕ್ಕು ನಕ್ಕು, ಸಾಕು ಅಕ್ಕ, ಹೊಟ್ಟೆ ನೋಯುತ್ತದೆ ಎಂದು ಬೇಡಿಕೊಂಡಳು. ಪಾಂಡವಪುರದಲ್ಲಿ ಮಾತ್ರ ಎಡವಟ್ಟಾಯಿತು. ಒಂದೇ ಸಂಜೆ ಬೇರೆ ಬೇರೆ ಹೆಸರು ಹಿಡಿದು ಕೂಗುತ್ತಾ ನಿಂತವಳನ್ನು ಕಂಡು ಹೂವಿನ ಅಂಗಡಿಯವಳು ಮಕ್ಕಳ ಕಳ್ಳಿಯೇ ಇರಬೇಕು ಎಂದುಕೊಂಡು ಜನ ಸೇರಿಸಿದಳು. ನನ್ನನ್ನು ದಿನಾ ಕರೆದೊಯ್ಯುವ ಕಂಡಕ್ಟರು ನಡುವೆ ಬಂದು, ಈಯಮ್ಮ ಆಫೀಸಿನೋರು ಕಣ್ರವ್ವ, ಬುಡಿ ಎಂದು ಬಿಡಿಸಿದ. ಮಾರನೆಯ ದಿನದಿಂದ ಅವನು ಟಿಕೆಟ್ಟು ಕೊಡುವಾಗ ನನ್ನ ಮುಖವನ್ನು ಒಂದು ತರಾ ನೋಡತೊಡಗಿದ.

ಕೊನೆಗೆ ಹೆಸರು ಸಿಕ್ಕಿದ್ದು ಅವ್ವನ ಬಾಯಿಂದ, ಅದೂ ಅವಳು ಬೈಯುತ್ತಿರುವಾಗ. ಅರಕೆರೆಯಲ್ಲಿ ಅಕ್ಕಿ ಆರಿಸುತ್ತಾ ಕೂತು, ಈಗಿನ ಅಕ್ಕಿಗೆ ವಾಸನೆಯೂ ಇಲ್ಲ ರುಚಿಯೂ ಇಲ್ಲ, ನಿಮ್ಮಪ್ಪ ನಾಲೆ ಬದಿಯ ಗದ್ದೆಯಲ್ಲಿ ಬೆಳೆಯುತ್ತಿದ್ದರಲ್ಲ, ಅದು ಬೇಯುವಾಗ ಬೀದಿಗೆಲ್ಲ ಗೊತ್ತಾಗುತ್ತಿತ್ತು ಎಂದು ಆ ಹಳೇ ಭತ್ತದ ಹೆಸರು ಹೇಳಿದಳು. ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಥೇಟು ಹೆಣ್ಣು ಮಗುವಿನ ಹೆಸರು. ಆ ಭತ್ತವನ್ನು ನಮ್ಮ ಕಡೆ ಈಗ ಯಾರೂ ಬೆಳೆಯುವುದಿಲ್ಲ, ಬಾಯಲ್ಲಿ ಹೇಳುವವರೂ ಇಲ್ಲ.

ತಮ್ಮ ಬೇಡವೆಂದ. ನಾಳೆ ಶಾಲೆಯಲ್ಲಿ ಮಗಳನ್ನು ಅಕ್ಕಿ ಮೂಟೆ ಅಂತಾರೆ ಎಂಬುದು ಅವನ ಚಿಂತೆ. ಫೋನಿನಲ್ಲಿ ಅವನ ಹೆಂಡತಿಗೆ ಹೇಳಿದೆ. ಇನ್ನೊಂದು ಸಲ ಹೇಳಿ ಅಕ್ಕ ಎಂದಳು. ಹೇಳಿದೆ. ಮಗುವಿನ ಹತ್ತಿರ ಬಾಯಿ ತಂದು ಅವಳೇ ಒಂದು ಸಲ ಹೇಳಿಕೊಂಡದ್ದು ನನಗೆ ಕೇಳಿಸಿತು. ಅದೇ ಇರಲಿ, ಆದರೆ ಕೂಗಿ ನೋಡಿಬಿಡಿ ಎಂದಳು.

ಕೂಗಿದೆ. ಶ್ರೀರಂಗಪಟ್ಟಣದಲ್ಲಿ ಯಾರೂ ತಿರುಗಲಿಲ್ಲ. ಆಟೋದವನೊಬ್ಬ, ಮಗ ಎಲ್ಲೋಯ್ತು ಎಂದು ಮಗುವಿನ ಬಗ್ಗೆ ಕೇಳಿ, ಇಲ್ಲೇ ಎಲ್ಲೋ ಇದ್ದಾಳೆ ಎಂದು ನಾನು ಹಲ್ಲು ಬಿಟ್ಟರೆ, ತಾನೂ ನನ್ನ ಜೊತೆ ಸ್ಟ್ಯಾಂಡು ಸುತ್ತಿ ಗಂಟಲು ಹರಿಯುವಂತೆ ಕೂಗಿದ. ಪಾಂಡವಪುರದಲ್ಲಿ ಹೂವಿನವಳ ಕಣ್ಣು ತಪ್ಪಿಸಿ ಕೂಗಿದೆ. ಯಾರೂ ತಿರುಗಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ತುಂಬು ಬಸುರಿಯೊಬ್ಬಳು ಎಂಥ ಮುದ್ದಾದ ಹೆಸರು, ಇನ್ನೊಮ್ಮೆ ಹೇಳಿ ಎಂದಳು. ನನಗೆ ಹೆಮ್ಮೆಯಾಗಿ ಬಿಡಿಬಿಡಿಯಾಗಿ ಹೇಳಿದೆ. ಬಾಣಂತಿಯನ್ನು ನೋಡಲು ಹೋದಾಗ ನಾಗಮಂಗಲದಲ್ಲೂ ಕೂಗಿದೆ, ಅಲ್ಲೂ ಯಾರೂ ತಿರುಗಲಿಲ್ಲ. ಕೆ.ಆರ್. ಪೇಟೆಯಲ್ಲಿ ಆದದ್ದು ನಾನು ಎಣಿಸಿದ್ದಕ್ಕಿಂತ ಹೆಚ್ಚು. ಬಸ್ಸುಗಳ ಹೊತ್ತು ಹೇಳುವಾತ ನಾನು ಕೂಗುವುದನ್ನು ನೋಡಿ ಮರುಗಿ, ಹೆಸರು ಕೇಳಿಕೊಂಡು ಮೈಕಿನಲ್ಲೇ ಹೇಳಿಬಿಟ್ಟ. ಈ ಹೆಸರಿನ ಮಗು ಎಲ್ಲಿದ್ದರೂ ತಕ್ಷಣ ಕಂಟ್ರೋಲ್ ರೂಮಿನ ಹತ್ತಿರ ಬರಬೇಕು, ನಿಮ್ಮ ತಾಯಿ ಕಾಯುತ್ತಿದ್ದಾರೆ ಎಂದು ಸಾರಿದ, ಬಿಡದೆ ಮತ್ತೆ ಮತ್ತೆ ಸಾರಿದ. ಇಡೀ ಸ್ಟ್ಯಾಂಡು ಕಿವಿಗೊಟ್ಟಿತು. ಒಂದು ಮಗುವೂ ಅಲುಗಲಿಲ್ಲ. ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೇನಿದೆ ಎಂದು ಹಿಗ್ಗಿ, ಆತ ಪೊಲೀಸರಿಗೆ ಫೋನು ಮಾಡುವ ಮೊದಲು ಮಗು ಅಜ್ಜಿಯ ಹತ್ತಿರ ಇದೆಯಂತೆ ಎಂದು ಹೇಳಿ, ಪಾಂಡವಪುರದ ಬಸ್ಸು ಹತ್ತಿಬಿಟ್ಟೆ.

ನಾಮಕರಣದ ದಿನ ತೊಟ್ಟಿಲ ಮೇಲೆ ಬಗ್ಗಿ, ವೀಳ್ಯದೆಲೆ ಅಡ್ಡ ಹಿಡಿದು ಆ ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳಿದೆ. ಕೊಟ್ಟ ಸೀರೆ ನಾನು ಹೇಳಿದ ಬಣ್ಣದ್ದಲ್ಲ. ತಮ್ಮನ ಹೆಂಡತಿಯ ಮುಖ ನೋಡಿದ ಮೇಲೆ ಬಣ್ಣದ ಮಾತು ಎತ್ತುವ ಮನಸ್ಸಾಗಲಿಲ್ಲ. ಬಂದವರೆಲ್ಲ, ಇದೇನವ್ವ ಇಂಥ ಹೆಸರು, ನಾವು ಕೇಳಿಯೇ ಇಲ್ಲ ಎಂದಾಗ ಅವಳು ಒಬ್ಬೊಬ್ಬರಿಗೂ ಹೌದು, ಯಾರಿಗೂ ಇಲ್ಲ ಎನ್ನುತ್ತಿದ್ದಳು.

ಮಗು ಹೆಜ್ಜೆ ಇಡುವ ಹೊತ್ತಿಗೆ ಚುಚ್ಚುಮದ್ದು ಹಾಕಿಸಲು ತಮ್ಮನ ಹೆಂಡತಿಯ ಜೊತೆ ನಾನೂ ಶ್ರೀರಂಗಪಟ್ಟಣದ ಆಸ್ಪತ್ರೆಗೆ ಹೋಗಿದ್ದೆ. ನರ್ಸಮ್ಮ ಮಗುವಿನ ಹೆಸರು ಕೂಗಿದರು. ಇವಳು ಎದ್ದಳು. ಎದುರಿನ ಬೆಂಚಿನಿಂದ ಇನ್ನೊಬ್ಬಳು ತನ್ನ ಮಗುವನ್ನು ಎತ್ತಿಕೊಂಡು ಎದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಅಪ್ಪನ ಹೆಸರೂ ಹೇಳಿ ಎಂದು ನರ್ಸಮ್ಮ ಬೇಸರದಿಂದ ಕೇಳಿದರು.

ಸೂಜಿ ಹಾಕಿಸಿ ಬಂದ ಮೇಲೆ ಆ ಹೆಂಗಸು ನಮ್ಮ ಪಕ್ಕದಲ್ಲೇ ಬಂದು ಕೂತಳು. ಬೂಕನಕೆರೆ ಕಡೆಯವಳು, ತವರಿಗೆ ಬಂದಿದ್ದಳಂತೆ. ಹೆಸರಿಗೆ ಏನರ್ಥ ಎಂದು ಕೇಳಿದ್ದಕ್ಕೆ, ಹಿಮಾಲಯದ ಕಡೆ ಒಂದು ನದಿ ಎಂದಳು. ಎಲ್ಲಿ ಸಿಕ್ಕಿತು ಎಂದು ನಾನು ಕೇಳಬಾರದಿತ್ತು, ಕೇಳಿದೆ.

“ನಾನು ಬಸ್ರಿ ಆಗಿದ್ದಾಗ ಪ್ಯಾಟೆ ಬಸ್ ಸ್ಟ್ಯಾಂಡಲ್ಲಿ ಮೈಕಲ್ಲಿ ಕೂಗ್ತಿದ್ರು ಕಣಕ್ಕ. ಯಾರ್ದೋ ಮಗ ಕಳ್ದೋಗಿತ್ತು. ಎಸ್ರು ಎಷ್ಟು ಚೆಂದಾಗದೆ ಅಂತ ನಾನೂ ಪಕ್ಕದಲ್ ಕುಂತಿದ್ದೋಳೂ ಮಾತಾಡ್ಕಂಡ್ವಿ. ಅವ್ಳೂ ಅದೇ ಕಟ್ಟವ್ಳೆ. ಪಾಪ, ಆ ಮಗ ಸಿಕ್ತೋ ಇಲ್ವೋ, ಈಗ್ಲೂ ಗ್ಯಾನ ಬತ್ತದೆ.”

“ಸಿಕ್ತು,” ಎಂದೆ.

ತಮ್ಮನ ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು. ನಾನು ಬಸ್ ಸ್ಟ್ಯಾಂಡುಗಳಲ್ಲಿ ಕೂಗಿದ್ದು ಅವಳಿಗೆ ಗೊತ್ತಿತ್ತು, ಮೈಕಿನ ಕಥೆ ಕೇಳಿ ಅವಳೂ ನಕ್ಕಿದ್ದಳು. ಯಾರೂ ತಿರುಗುವುದಿಲ್ಲ ಎಂದು ನಾವು ನೋಡಿದೆವು, ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನೋಡಲಿಲ್ಲ. ಯಾರಿಗೂ ಇಲ್ಲದ ಹೆಸರನ್ನು ನಾನೇ ತಾಲೂಕು ತಾಲೂಕಿಗೆ ಹೋಗಿ ಹಂಚಿ ಬಂದಿದ್ದೆ. ಅರಕೆರೆಗೆ ಹೋಗುವ ಬಸ್ಸಿನಲ್ಲಿ ಅವಳು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ತಟ್ಟುತ್ತಾ ಕೂತಳು. ಸೂಜಿಯ ನೋವಿಗೆ ಮಗು ಅಳುತ್ತಿತ್ತು.

“ಇವ್ಳ್ನೂ ನಡ್ಲೋಳು ಮಾಡ್ಬುಟ್ರಲ್ಲಕ್ಕ,” ಎಂದಳು.

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಇದಕ್ಕೆ ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಬೇರೆ ಹೆಸರು ಹುಡುಕೋಣ, ಈ ಸಲ ಬಾಯಿ ಮುಚ್ಚಿಕೊಂಡು ಹುಡುಕುತ್ತೇನೆ ಎಂದು ಆಮೇಲೆ ಹೇಳಿ ನೋಡಿದೆ. ಕಿವಿಯಲ್ಲಿ ಹೇಳಿ ಆಗಿದೆಯಲ್ಲ, ಇನ್ನು ಅದನ್ನು ತೆಗೆಯಲು ಬರುವುದಿಲ್ಲ ಎಂದಳು.

ಅಲ್ಲಿಂದಾಚೆ ನನ್ನ ಕಣ್ಣಿಗೆ ಆ ಹೆಸರೇ ಬೀಳತೊಡಗಿತು. ಪಾಂಡವಪುರದ ಬೇಕರಿಯ ಕೇಕಿನ ಮೇಲೆ, ಕೆ.ಆರ್. ಪೇಟೆಯ ಆಟೋ ಹಿಂದೆ, ಹೊಸ ಮನೆಯೊಂದರ ಗೋಡೆಯ ಮೇಲೆ. ಒಬ್ಬರು ಅದು ಪಾರ್ವತಿಯ ಹೆಸರು ಎಂದರು, ಇನ್ನೊಬ್ಬರು ರಾಗದ ಹೆಸರು ಎಂದರು. ಒಬ್ಬರಾದರೂ ಭತ್ತ ಎನ್ನಲಿಲ್ಲ. ಕಂಡದ್ದರಲ್ಲಿ ಅರ್ಧವನ್ನು ತಮ್ಮನ ಹೆಂಡತಿಗೆ ಹೇಳದೆ ಉಳಿಸಿಕೊಂಡೆ. ಅರಕೆರೆಯ ಅಂಗನವಾಡಿಯಲ್ಲೇ ನಮ್ಮ ಹುಡುಗಿಯ ಜೊತೆ ಅದೇ ಹೆಸರಿನ ಇಬ್ಬರು ಸೇರಿದ ಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ.

ಅಂಗನವಾಡಿ ಟೀಚರು ಹೇಳಿ ಕಳಿಸಿದಾಗ ತಮ್ಮನ ಹೆಂಡತಿ ಮುಖ ಸಣ್ಣದು ಮಾಡಿಕೊಂಡು ಹೋದಳು. ಕರೆದರೆ ತಿರುಗುವುದಿಲ್ಲ ಎಂದು ಹೇಳಲು ಕರೆದಿದ್ದಾರೆ ಎಂದೇ ಅವಳ ಅಳುಕು. ನಾನೂ ಜೊತೆಗಿದ್ದೆ. ಟೀಚರ ದೂರು ಬೇರೆಯೇ ಇತ್ತು. ಯಾರನ್ನು ಕರೆದರೂ ನಿಮ್ಮ ಹುಡುಗಿಯೇ ಬರುತ್ತಾಳೆ ಎಂದರು. ಇನ್ನೊಬ್ಬಳ ಮೊಟ್ಟೆಯನ್ನೂ ಇವಳೇ ತಿಂದಳಂತೆ. ಇನ್ನೊಬ್ಬಳಿಗೆ ಬೈಯಲು ಕರೆದರೂ ಇವಳೇ ಬಂದು ಬೈಸಿಕೊಂಡು ಹೋದಳಂತೆ. ನಿನ್ನನ್ನಲ್ಲ ಎಂದು ಎಷ್ಟು ಹೇಳಿದರೂ, ನನ್ನೇ ಕರ್ದಿದ್ದು ಎಂದು ನಿಲ್ಲುತ್ತಾಳೆ ಎಂದರು. ಊರಿನಲ್ಲಿ ತನ್ನ ಹೆಸರು ಯಾರ ಬಾಯಲ್ಲಿ ಬಂದರೂ ಅದು ತನಗೇ ಎಂಬುದರಲ್ಲಿ ಆ ಹುಡುಗಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತಮ್ಮನ ಹೆಂಡತಿ ದಾರಿಯುದ್ದಕ್ಕೂ ಮಗಳಿಗೆ ಮೊಟ್ಟೆಯ ವಿಷಯದಲ್ಲಿ ಬೈದಳು. ಬೈಯುತ್ತಾ ಬೈಯುತ್ತಾ ಮಧ್ಯೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಮೊನ್ನೆ ಬೇಸಿಗೆಯಲ್ಲಿ ಅವಳ ತವರಿಗೆ ಹೋಗಿ ವಾಪಸು ಬರುವಾಗ ನಾವು ಮೂವರೂ ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ನಾನು ಈಗೀಗ ಬಸ್ ಸ್ಟ್ಯಾಂಡುಗಳಲ್ಲಿ ಬಾಯಿ ಬಿಡುವುದಿಲ್ಲ. ಹಿಂದಿನಿಂದ ಯಾರೋ ಒಂದು ಹೆಸರು ಹಿಡಿದು ಕೂಗಿದರು. ಅದು ತಮ್ಮನ ಹೆಂಡತಿಯ ಹೆಸರು. ಅವಳು ಬೋರ್ಡು ನೋಡುತ್ತಲೇ ನಿಂತಿದ್ದಳು. ಮತ್ತೆ ಕೂಗಿದರು. ಮಗಳು ಅವಳ ಸೀರೆ ಹಿಡಿದು ಜಗ್ಗಿದಳು.

“ಅಮ್ಮ, ನಿನ್ನೇ ಕೂಗ್ತಾವ್ರೆ. ತಿರುಗ್ಕೊ.”

“ನನ್ನಲ್ಲ ಕಣೆ. ಬ್ಯಾರೆ ಯಾರ್ನೋ.”

“ನೀನು ನೋಡೇ ಇಲ್ವಲ್ಲ. ನಿನ್ನೇ.”

ತಮ್ಮನ ಹೆಂಡತಿ ನನ್ನ ಮುಖ ನೋಡಿದಳು. ಅವಳು ತಿರುಗಿದಳು. ತಿರುಗಿ, ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ, ಏನು ಎಂದಳು.

ಕೂಗಿದವಳು ಒಬ್ಬ ಮುದುಕಿ. ಅವಳಿಗೆ ಕಣ್ಣು ಅಷ್ಟಕ್ಕಷ್ಟೆ. ಓಗೊಟ್ಟವಳ ಕಡೆ ಒಂದು ಚೀಲ ನೀಡಿ, ಎಷ್ಟೊತ್ತಿಂದ ಕೂಗೋದು ನಿನ್ನ, ಹಿಡ್ಕೊ ಎಂದು ಗದರಿದಳು. ತಮ್ಮನ ಹೆಂಡತಿ ಹೋಗಿ ಹಿಡಿದುಕೊಂಡಳು. ಅಷ್ಟರಲ್ಲಿ ಆ ಮುದುಕಿಯ ಸೊಸೆ ಬಾಳೆಹಣ್ಣು ಕೊಂಡು ಓಡಿ ಬಂದಳು. ಇಬ್ಬರನ್ನೂ ಹತ್ತಿರದಿಂದ ನೋಡಿ ಮುದುಕಿ ಕಕ್ಕಾಬಿಕ್ಕಿಯಾದಳು.

“ನಿನ್ನೆಸ್ರೂ ಅದೇಯಾ?”

“ಹೂಂ ಕಣಜ್ಜಿ, ನಂದೂ ಅದೇಯ,” ಎಂದಳು ತಮ್ಮನ ಹೆಂಡತಿ, ಚೀಲವನ್ನು ಇನ್ನೂ ಬಿಡದೆ.